ಮುಚ್ಚಿದ ಬಾಗಿಲಿನ ಹಿಂದಿನ ಓದು

"ನಮ್ಮ ಹುಡುಗ ಯಾರೊಡನೆಯೂ ಬೆರೆಯುವುದಿಲ್ಲ, ಶಾಲೆಯಿಂದ ಬಂದವನೇ ಬಾಗಿಲು ಹಾಕಿಕೊಂಡು ಓದಲು ಕುಳಿತುಬಿಡುತ್ತಾನೆ." ಎಸ್ಸೆಸ್ಸೆಲ್ಸಿ ಅಥವಾ ಪಿಯುಸಿ ತರಗತಿಯಲ್ಲಿ ಮಕ್ಕಳಿರುವ ತಂದೆತಾಯಂದಿರ ಬಾಯಿಂದ ಈ ಮಾತು ಕೇಳಿಬರದ ಧರ್ಮಕೇಂದ್ರ ನಮ್ಮಲ್ಲಿ ಇರಲಾರದು. ಭಾನುವಾರದ ಬಲಿಪೂಜೆ ಮುಗಿದು ದೇವಾಲಯದ ಅಂಗಳದಲ್ಲಿ ನಾಲ್ಕು ಜನ ನಿಂತು ಮಾತನಾಡುವಾಗ ಅದು ಹೆಮ್ಮೆಯಿಂದಲೇ ಹೊರಬರುತ್ತದೆ. ಕೇಳಿದವರೂ ಮೆಚ್ಚಿ ತಲೆದೂಗುತ್ತಾರೆ. ಬಾಗಿಲು ಮುಚ್ಚಿಕೊಂಡವನು ಓದುವ ಹುಡುಗ, ಪುಸ್ತಕ ಹಿಡಿದು ಗೆಳೆಯನ ಮನೆಗೆ ಹೊರಟವನು ಕಾಲಹರಣ ಮಾಡುವ ಹುಡುಗ ಎಂಬುದು ನಮ್ಮ ಕುಟುಂಬಗಳಲ್ಲಿ ಬಹುಕಾಲದಿಂದ ಪ್ರಶ್ನೆಯೇ ಇಲ್ಲದೆ ಉಳಿದುಬಂದಿರುವ ತೀರ್ಮಾನ.

ಈ ತೀರ್ಮಾನವನ್ನು ಪರಿಶೀಲಿಸುವ ಕಾಲ ಬಂದಿದೆಯೆಂದು ನಮಗೆ ತೋರುತ್ತದೆ. ಫಲಿತಾಂಶ ಬಂದ ದಿನ ಅತಿ ಹೆಚ್ಚು ಕಣ್ಣೀರು ಸುರಿಸುವವರು ಓದದ ಮಕ್ಕಳಲ್ಲ. ಓದದವನಿಗೆ ತನ್ನ ಫಲ ಏನೆಂಬುದು ಮೊದಲೇ ಗೊತ್ತಿರುತ್ತದೆ. ಹಗಲೂ ರಾತ್ರಿ ಓದಿ, ಹಬ್ಬಕ್ಕೂ ಮದುವೆಗೂ ಹೋಗದೆ ಮನೆಯಲ್ಲೇ ಕುಳಿತು, ಕೊನೆಗೆ ಅಂಕಪಟ್ಟಿಯನ್ನು ನೋಡಿ "ನನ್ನ ತಲೆಯೇ ಇಷ್ಟು" ಎಂದು ನಿರ್ಧರಿಸಿಬಿಡುವ ಮಗುವಿನ ವಿಷಯ ಬೇರೆ. ನಮ್ಮ ದೇಶದಲ್ಲಿ 2022ನೆಯ ಇಸವಿಯೊಂದರಲ್ಲೇ 13,000ಕ್ಕೂ ಹೆಚ್ಚು ವಿದ್ಯಾರ್ಥಿಗಳು ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರೆಂದು ಸರ್ಕಾರದ ಅಪರಾಧ ದಾಖಲೆಗಳ ಸಂಸ್ಥೆ ತಿಳಿಸಿದೆ. ಅವರೆಲ್ಲರ ದುಃಖಕ್ಕೂ ಓದೇ ಕಾರಣವೆಂದು ಹೇಳುವುದು ಸರಿಯಲ್ಲ. ಆದರೆ ಒಂಟಿತನದ ಕೋಣೆಯನ್ನು ನಾವೇ ಕಟ್ಟಿಕೊಟ್ಟು, ಅದಕ್ಕೆ ಶಿಸ್ತು ಎಂದು ಹೆಸರಿಡುತ್ತಿದ್ದೇವೆಯೇ ಎಂದು ಹೆತ್ತವರು ಒಮ್ಮೆ ಯೋಚಿಸಬೇಕಾಗಿದೆ.

ಮುಚ್ಚಿದ ಬಾಗಿಲಿನ ಹಿಂದೆ ನಡೆಯುವುದೇನು? ಬಹುಪಾಲು ಮಕ್ಕಳ ವಿಷಯದಲ್ಲಿ ಅದು ಮರು ಓದು. ಅದೇ ಪಾಠವನ್ನು ಮೊದಲಿನಿಂದ ಕೊನೆಯವರೆಗೆ ಎರಡು ಸಲ, ನಾಲ್ಕು ಸಲ, ಆರು ಸಲ ಓದುವುದು. ಮುಖ್ಯವೆಂದು ತೋರಿದ ಸಾಲುಗಳ ಕೆಳಗೆ ಗೆರೆ ಎಳೆಯುವುದು. ಈಗಿನ ಮಕ್ಕಳಾದರೆ ಆ ಸಾಲುಗಳ ಮೇಲೆ ಹಳದಿ, ಹಸಿರು ಬಣ್ಣ ಬಳಿಯುವುದು. ಆರನೆಯ ಸಲ ಓದುವಾಗ ಪುಟವೆಲ್ಲ ಪರಿಚಿತವೆನಿಸುತ್ತದೆ. ಆ ಪರಿಚಯವನ್ನೇ ಮನಸ್ಸು ತಿಳಿವಳಿಕೆಯೆಂದು ನಂಬಿಬಿಡುತ್ತದೆ. ದಿನವೂ ಬಸ್ ನಿಲ್ದಾಣದಲ್ಲಿ ಕಾಣುವ ಮುಖ ನಮಗೆ ಚೆನ್ನಾಗಿಯೇ ಪರಿಚಿತ. ಆ ವ್ಯಕ್ತಿಯ ಹೆಸರು ಕೇಳಿದರೆ ಮಾತ್ರ ಹೇಳಲಾರೆವು. ಪರೀಕ್ಷೆಯ ಕೊಠಡಿಯಲ್ಲಿ ಪ್ರಶ್ನೆಪತ್ರಿಕೆ ಕೇಳುವುದು ಹೆಸರನ್ನು.

ಮರೆವಿನ ಲೆಕ್ಕವನ್ನು ಶಾಸ್ತ್ರೀಯವಾಗಿ ಮೊದಲು ಹಾಕಿದವನು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ವಿದ್ವಾಂಸ. ಅರ್ಥವಿಲ್ಲದ ಅಕ್ಷರಗುಚ್ಛಗಳ ಪಟ್ಟಿಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆತೆನೆಂದು ತನ್ನನ್ನೇ ಪರೀಕ್ಷಿಸಿಕೊಂಡು, ಅದರ ವಿವರಗಳನ್ನು 1885ರಲ್ಲಿ ಪ್ರಕಟಿಸಿದ. ಮತ್ತೆ ಕಲಿಯಲು ಬೇಕಾದ ಶ್ರಮವನ್ನು ಅಳತೆಗೋಲಾಗಿ ಇಟ್ಟುಕೊಂಡರೆ, ಒಂದು ಗಂಟೆಯಲ್ಲಿ ಅರ್ಧಕ್ಕಿಂತ ಹೆಚ್ಚು, ಒಂದು ದಿನದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಕಳೆದುಹೋಗಿತ್ತು. ಅರ್ಥವಿರುವ ಪಾಠ ಇಷ್ಟು ಬೇಗ ಅಳಿಯುವುದಿಲ್ಲವೆಂಬುದು ನಿಜ. ಆದರೂ ಅವನು ಕಂಡುಕೊಂಡ ಇನ್ನೊಂದು ಸಂಗತಿ ನಮ್ಮ ಮಕ್ಕಳಿಗೆ ಹೆಚ್ಚು ಉಪಯುಕ್ತ. ಒಂದು ಪಟ್ಟಿಯನ್ನು ಒಂದೇ ದಿನ ಬಿಡದೆ 68 ಸಲ ಓದಿ ಪಡೆದ ಫಲವನ್ನು, ಮೂರು ದಿನಗಳಿಗೆ ಹಂಚಿ 38 ಸಲ ಓದಿಯೇ ಪಡೆಯಲು ಅವನಿಗೆ ಸಾಧ್ಯವಾಯಿತು. ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆಗೆಟ್ಟು ಓದುವವರು ದುಬಾರಿ ಬೆಲೆಗೆ ಕೊಳ್ಳುತ್ತಿರುವುದು ಏನೆಂಬುದು ಈ ಎರಡು ಸಂಖ್ಯೆಗಳಿಂದಲೇ ತಿಳಿಯುತ್ತದೆ.

ಇನ್ನೊಂದು ಪ್ರಯೋಗ ಇತ್ತೀಚಿನದು. ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ ಎಂಬವರು 2006ರಲ್ಲಿ ಪ್ರಕಟಿಸಿದ್ದು. ವಿದ್ಯಾರ್ಥಿಗಳ ಒಂದು ಗುಂಪು ಒಂದು ಪಾಠವನ್ನು ನಾಲ್ಕು ಅವಧಿಗಳಲ್ಲಿ ಓದಿತು. ಇನ್ನೊಂದು ಗುಂಪು ಒಂದೇ ಅವಧಿಯಲ್ಲಿ ಓದಿ, ಉಳಿದ ಮೂರು ಅವಧಿಗಳಲ್ಲಿ ಪುಟವನ್ನು ನೋಡದೆ ನೆನಪಾದುದನ್ನು ಬರೆಯಿತು. ಐದು ನಿಮಿಷ ಕಳೆದು ಪರೀಕ್ಷಿಸಿದಾಗ ಓದಿದ ಗುಂಪೇ ಮುಂದಿತ್ತು. ಒಂದು ವಾರ ಕಳೆದು ಪರೀಕ್ಷಿಸಿದಾಗ ನಾಲ್ಕು ಸಲ ಓದಿದವರಿಗೆ ಪಾಠದ ಶೇಕಡಾ 40ರಷ್ಟು ಮಾತ್ರ ನೆನಪಿತ್ತು. ನೆನಪಿಸಿಕೊಂಡು ಬರೆದವರಿಗೆ ಶೇಕಡಾ 61ರಷ್ಟು ಉಳಿದಿತ್ತು. ಮಕ್ಕಳು ಮರು ಓದನ್ನೇ ನೆಚ್ಚಿಕೊಳ್ಳುವುದು ಏಕೆಂದು ಆ ಮೊದಲ ಐದು ನಿಮಿಷಗಳ ಫಲಿತಾಂಶವೇ ಹೇಳುತ್ತದೆ. ಪುಸ್ತಕ ಮಡಿಚಿದ ಕೂಡಲೇ ಎಲ್ಲವೂ ಬಂದಂತೆ ಕಾಣುತ್ತದೆ. ಅದನ್ನು ನಂಬಿ ಮಗು ಮುಂದಿನ ಪಾಠಕ್ಕೆ ಹೋಗುತ್ತದೆ. ವಾರ ಕಳೆದ ಮೇಲೆ ಏನು ಉಳಿಯಿತೆಂದು ಕೇಳುವವರು ಆ ಕೋಣೆಯಲ್ಲಿ ಯಾರೂ ಇಲ್ಲ.

ಪುಸ್ತಕವನ್ನು ಮುಚ್ಚಿ ತನ್ನನ್ನು ತಾನೇ ಪ್ರಶ್ನಿಸಿಕೊಳ್ಳಬಲ್ಲ ಮಕ್ಕಳೂ ಉಂಟು. ಆದರೆ ಹದಿನೈದು ವರ್ಷದ ಹುಡುಗನಿಗೆ ತನ್ನ ಮೇಲೆ ತಾನೇ ಅಷ್ಟು ಕಠಿಣನಾಗುವುದು ಸುಲಭವಲ್ಲ. ಉತ್ತರ ಅರ್ಧ ನೆನಪಾದರೆ ಸಾಕು, "ಇದು ಗೊತ್ತು" ಎಂದು ಮುಂದೆ ಸಾಗುತ್ತಾನೆ. ಅಲ್ಲಿಗೆ ಬೇಕಾದದ್ದು ಎದುರಿಗೆ ಕುಳಿತು "ಗೊತ್ತಿದ್ದರೆ ಹೇಳು ನೋಡೋಣ" ಎನ್ನುವ ಇನ್ನೊಬ್ಬ.

ಈ ಸತ್ಯವನ್ನು ನಮ್ಮ ನಾಡಿನ ನಾಲ್ವರು ಹುಡುಗರು ನಾಲ್ಕು ನೂರು ವರ್ಷಗಳ ಹಿಂದೆಯೇ ಒಬ್ಬ ಪರದೇಶಿಗೆ ಹೇಳಿಕೊಟ್ಟಿದ್ದರು. ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬಾತ ರೋಮ್ ನಗರದ ಶ್ರೀಮಂತ ಮನೆತನದ ಕಥೋಲಿಕ. ಪೂರ್ವದೇಶಗಳನ್ನು ಸುತ್ತುತ್ತ 1623ರಲ್ಲಿ ಕನ್ನಡ ಕರಾವಳಿಗೆ ಬಂದವನು. ಇಕ್ಕೇರಿಯ ವೆಂಕಟಪ್ಪ ನಾಯಕನ ಬಳಿಗೆ ಹೊರಟಿದ್ದ ಪೋರ್ತುಗೀಸರ ರಾಯಭಾರಿಯೊಡನೆ ಹೊನ್ನಾವರದಿಂದ ಘಟ್ಟ ಹತ್ತಿ ಪ್ರಯಾಣ ಮಾಡುತ್ತಿದ್ದಾಗ, ಹೊರೆಗಳನ್ನು ಸಿದ್ಧಪಡಿಸುವಷ್ಟು ಹೊತ್ತು ಒಂದು ಗುಡಿಯ ಜಗುಲಿಯಲ್ಲಿ ಕುಳಿತ. ಅಲ್ಲಿ ನಾಲ್ವರು ಬಾಲಕರು ಲೆಕ್ಕ ಕಲಿಯುತ್ತಿದ್ದರು. ನೆಲದ ಮೇಲೆ ನುಣ್ಣನೆಯ ಮರಳು ಹರಡಿತ್ತು. ಒಬ್ಬನು ಪಾಠದ ಒಂದು ಭಾಗವನ್ನು ರಾಗವಾಗಿ ಹೇಳುತ್ತ ಬೆರಳಿನಿಂದ ಮರಳಿನಲ್ಲಿ ಆ ಅಂಕಿಯನ್ನು ಬರೆಯುವನು; ಉಳಿದ ಮೂವರೂ ಅದನ್ನೇ ಒಟ್ಟಿಗೆ ಹಾಡಿ ಬರೆಯುವರು; ಬಳಿಕ ಮುಂದಿನ ಭಾಗ. ನೆಲ ತುಂಬಿದಾಗ ಕೈಯಿಂದ ಒರೆಸಿ, ಬೇಕಾದರೆ ಹೊಸ ಮರಳು ಚೆಲ್ಲಿ, ಮತ್ತೆ ಆರಂಭಿಸುವರು. ಗುರುಗಳು ಅಲ್ಲಿರಲಿಲ್ಲ.

ಯಾತ್ರಿಕನಿಗೆ ಸಹಜವಾಗಿಯೇ ಒಂದು ಸಂಶಯ ಹುಟ್ಟಿತು. ಎಲ್ಲರೂ ಶಿಷ್ಯರೇ ಆಗಿರುವಾಗ, ತಪ್ಪಿದರೆ ತಿದ್ದುವವರು ಯಾರು ಎಂದು ಕೇಳಿದ. ನಾಲ್ವರೂ ಒಂದೇ ಕಡೆ ಮರೆಯುವುದು, ಒಂದೇ ಕಡೆ ತಪ್ಪುವುದು ಸಾಧ್ಯವಿಲ್ಲ. ಒಬ್ಬ ತಪ್ಪಿದರೆ ಇನ್ನೊಬ್ಬ ತಿದ್ದಲೆಂದೇ ಜೊತೆಯಾಗಿ ಕಲಿಯುತ್ತೇವೆ ಎಂಬ ಅರ್ಥದ ಉತ್ತರ ಬಂದಿತು. ಅವರ ಮಾತು ನಿಜವೆಂದು ಒಪ್ಪಿಕೊಂಡು ಆತ ತನ್ನ ಪತ್ರದಲ್ಲಿ ಅದನ್ನು ದಾಖಲಿಸಿದ. ಆ ಹುಡುಗರ ಹೆಸರು ಯಾರಿಗೂ ತಿಳಿಯದು. ಆದರೆ ಕೂಡಿ ಓದುವುದರ ಪರವಾಗಿ ಇದಕ್ಕಿಂತ ಚೊಕ್ಕವಾದ ವಾದವನ್ನು ನಾವು ಬೇರೆಲ್ಲೂ ಕಂಡಿಲ್ಲ.

ಧರ್ಮಸಭೆಯ ಶಾಲೆಗಳಿಗೂ ಈ ಮಾತು ಹೊಸದಲ್ಲ. ಯೇಸುಸಭೆಯವರು ತಮ್ಮ ವಿದ್ಯಾಸಂಸ್ಥೆಗಳಿಗಾಗಿ 1599ರಲ್ಲಿ ಹೊರಡಿಸಿದ 'ರಾತ್ಸಿಯೊ ಸ್ತುದಿಯೋರುಮ್' ಎಂಬ ಶಿಕ್ಷಣ ನಿಯಮಾವಳಿಯಲ್ಲಿ ಪುನರಾವರ್ತನೆಗೆ ದೊಡ್ಡ ಸ್ಥಾನವಿದೆ. ವಾರದಲ್ಲಿ ಕಲಿತದ್ದನ್ನೆಲ್ಲ ಶನಿವಾರ ಮತ್ತೆ ಒಪ್ಪಿಸಬೇಕು. ಸಹಪಾಠಿಗಳ ಬಾಯಿಪಾಠವನ್ನು ಕೇಳಿಸಿಕೊಳ್ಳಲು ವಿದ್ಯಾರ್ಥಿಗಳಿಂದಲೇ ನಾಯಕರನ್ನು ನೇಮಿಸಬೇಕು. ಒಬ್ಬನಿಗೆ ಇನ್ನೊಬ್ಬ ಜೊತೆಗಾರ ಪ್ರತಿಸ್ಪರ್ಧಿಯಾಗಿದ್ದು, ಅವನು ತಪ್ಪಿದಲ್ಲಿ ಎತ್ತಿ ತೋರಿಸಬೇಕು. ಮಂಗಳೂರಿನಲ್ಲಿ 1880ರಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ಆರಂಭಿಸಿದ ಗುರುಗಳು ಈ ಪರಂಪರೆಯಿಂದಲೇ ಬಂದವರು. ಇನ್ನೂ ಹಿಂದಕ್ಕೆ ಹೋದರೆ, ಹದಿಮೂರನೆಯ ಶತಮಾನದಲ್ಲಿ ಕೊಲೋನ್ ನಗರದಲ್ಲಿ ಮಹಾ ಆಲ್ಬರ್ಟರ ಶಿಷ್ಯರಾಗಿದ್ದ ಸಂತ ಥಾಮಸ್ ಅಕ್ವಿನಾಸರ ಕಥೆ ಇದೆ. ಮಿತಭಾಷಿಯಾಗಿದ್ದ ಅವರನ್ನು ಸಹಪಾಠಿಗಳು ಮೂಕ ಎತ್ತು ಎಂದು ಕರೆಯುತ್ತಿದ್ದರು. ಕನಿಕರಗೊಂಡ ಒಬ್ಬ ಸಹಪಾಠಿ ದಿನವೂ ಪಾಠ ವಿವರಿಸಲು ಮುಂದಾದ. ಥಾಮಸರು ಕೃತಜ್ಞತೆಯಿಂದ ಒಪ್ಪಿದರು. ಒಂದು ದಿನ ವಿವರಿಸುವವನೇ ತಡವರಿಸಿದಾಗ ಥಾಮಸರು ಆ ಭಾಗವನ್ನು ಬಿಡಿಸಿ ಹೇಳಿದರು. ಆಮೇಲೆ ಆ ಸಹಪಾಠಿಯೇ ಅವರಿಂದ ಕಲಿಯತೊಡಗಿದನೆಂದು ಅವರ ಚರಿತ್ರಕಾರರು ಬರೆದಿದ್ದಾರೆ. ಕಥೆಯಲ್ಲಿ ನಮಗೆ ಹೆಚ್ಚು ಹಿಡಿಸುವವನು ಆ ಹೆಸರಿಲ್ಲದ ಸಹಪಾಠಿ. ತನಗೆ ಗೊತ್ತಿದ್ದಷ್ಟನ್ನು ಹಂಚಲು ಹೊರಟದ್ದರಿಂದಲೇ ತನಗೆ ಗೊತ್ತಿಲ್ಲದ್ದು ಎಲ್ಲಿದೆಯೆಂಬುದು ಅವನಿಗೆ ತಿಳಿಯಿತು.

(ಪರೀಕ್ಷೆಯ ಕಾಲದಲ್ಲಿ ನಮ್ಮ ಜನ ಹೆಚ್ಚಾಗಿ ನೆನೆಯುವುದು ಕುಪೆರ್ತಿನೊದ ಸಂತ ಜೋಸೆಫರನ್ನು. ತಮಗೆ ಚೆನ್ನಾಗಿ ಬರುತ್ತಿದ್ದ ಒಂದೇ ಒಂದು ವಾಕ್ಯದ ಮೇಲೆ ಪ್ರಶ್ನೆ ಬಂದು ಅವರು ತೇರ್ಗಡೆಯಾದರೆಂದು ಪ್ರತೀತಿ. ಅವರ ಮಧ್ಯಸ್ಥಿಕೆಯನ್ನು ಬೇಡುವವರು ಬೇಡಲಿ. ಕನಿಷ್ಠ ಆ ಒಂದು ವಾಕ್ಯವನ್ನಾದರೂ ಅವರು ಓದಿಕೊಂಡಿದ್ದರೆಂಬುದನ್ನು ಮಕ್ಕಳಿಗೆ ನೆನಪಿಸುವುದು ಒಳ್ಳೆಯದು.)

ಮಕ್ಕಳಿಂದ ಮಕ್ಕಳಿಗೆ ಪಾಠ ಎಂಬ ಉಪಾಯ ನಮ್ಮ ದಕ್ಷಿಣ ದೇಶದಿಂದಲೇ ಇಂಗ್ಲೆಂಡಿಗೆ ಹೋದದ್ದೂ ಉಂಟು. ಮದರಾಸಿನ ಎಗ್ಮೋರಿನಲ್ಲಿ ಸೈನಿಕರ ಅನಾಥ ಮಕ್ಕಳಿಗಾಗಿ 1789ರಲ್ಲಿ ಆರಂಭವಾದ ಶಾಲೆಯನ್ನು ನೋಡಿಕೊಳ್ಳುತ್ತಿದ್ದ ಆಂಡ್ರ್ಯೂ ಬೆಲ್ ಎಂಬ ಸ್ಕಾಟ್‌ಲೆಂಡಿನ ಪಾದ್ರಿ, ಇಲ್ಲಿನ ದೇಶೀ ಶಾಲೆಯ ಮಕ್ಕಳು ಮರಳಿನಲ್ಲಿ ಅಕ್ಷರ ತೀಡುವುದನ್ನು ಕಂಡ. ತನ್ನ ಶಾಲೆಯಲ್ಲಿ ಅದನ್ನು ತರಲು ಹೊರಟಾಗ ಉಪಾಧ್ಯಾಯರು ಒಪ್ಪಲಿಲ್ಲ. ಆಗ ಎಂಟು ವರ್ಷದ ಹುಡುಗನೊಬ್ಬನನ್ನೇ ಅಕ್ಷರಾಭ್ಯಾಸದ ತರಗತಿಗೆ ಗುರುವಾಗಿ ನಿಲ್ಲಿಸಿದ, ಅದು ಫಲಿಸಿತು. ಸ್ವದೇಶಕ್ಕೆ ಮರಳಿ 1797ರಲ್ಲಿ ಆತ ಪ್ರಕಟಿಸಿದ ವರದಿಯಿಂದ ಈ ಕ್ರಮ ಮದರಾಸು ಪದ್ಧತಿಯೆಂದೇ ಪ್ರಸಿದ್ಧವಾಗಿ ಅನೇಕ ದೇಶಗಳಿಗೆ ಹರಡಿತು. ಆದರೆ ಅದು ಬೆಳೆದ ಬಗೆಯಲ್ಲಿ ನಮಗೊಂದು ಎಚ್ಚರಿಕೆಯೂ ಇದೆ. ಒಬ್ಬ ಉಪಾಧ್ಯಾಯನ ಸಂಬಳದಲ್ಲಿ ನೂರಾರು ಮಕ್ಕಳನ್ನು ಕೂರಿಸುವ ಅಗ್ಗದ ಉಪಾಯವಾಗಿ ಅದನ್ನು ಬಳಸಿಕೊಂಡರು. ಚಿಕ್ಕವರಿಗೆ ಆಜ್ಞೆ ಮಾಡುವ ಹುಡುಗರೂ, ಹೇಳಿದ್ದನ್ನು ಹೇಳುವ ಚಿಕ್ಕವರೂ ತಯಾರಾದರು. ಜಗುಲಿಯ ಮೇಲೆ ನಾಲ್ವರೂ ಸಮಾನರಾಗಿದ್ದರು. ಈ ಪದ್ಧತಿಯಲ್ಲಿ ಒಬ್ಬ ಮೇಲೆ, ಉಳಿದವರು ಕೆಳಗೆ.

ಇಂದಿನ ಮಕ್ಕಳು ಕೂಡಿ ಓದುತ್ತೇವೆಂದು ಹೊರಟಾಗ ಬಹಳ ಸಲ ನಡೆಯುವುದು ಈ ಎರಡನೆಯದೇ. ತರಗತಿಯ ಜಾಣ ಹುಡುಗಿ ಲೆಕ್ಕ ಬಿಡಿಸುತ್ತಾಳೆ. ಉಳಿದವರು ನಕಲು ಮಾಡಿಕೊಳ್ಳುತ್ತಾರೆ. ಸಂಜೆಯ ಕೊನೆಗೆ ಎಲ್ಲರ ಪುಸ್ತಕದಲ್ಲೂ ಉತ್ತರವಿರುತ್ತದೆ, ಒಬ್ಬಳ ತಲೆಯಲ್ಲಿ ಮಾತ್ರ ಲೆಕ್ಕವಿರುತ್ತದೆ. ವಾಟ್ಸಾಪ್ ಗುಂಪುಗಳಲ್ಲಿ ನಡೆಯುವ ವಿನಿಮಯವೂ ಬಹುಮಟ್ಟಿಗೆ ಇಂಥದ್ದೇ. ಪ್ರಶ್ನೆಯ ಚಿತ್ರ ತೆಗೆದು ಕಳುಹಿಸಿದರೆ ಉತ್ತರದ ಚಿತ್ರ ಮರಳಿ ಬರುತ್ತದೆ. ಈಗಂತೂ ಗೆಳೆಯನೂ ಬೇಕಾಗಿಲ್ಲ. ಕೃತಕ ಬುದ್ಧಿಮತ್ತೆಯ ಆ್ಯಪ್‌ಗಳು ಕ್ಷಣಾರ್ಧದಲ್ಲಿ ಹಂತಹಂತವಾಗಿ ಬಿಡಿಸಿಕೊಡುತ್ತವೆ. ಅವುಗಳಿಂದ ಪ್ರಶ್ನೆ ಕೇಳಿಸಿಕೊಳ್ಳುವವನಿಗೆ ಲಾಭವಿದೆ. ಉತ್ತರ ಬರೆಸಿಕೊಳ್ಳುವವನಿಗೆ ಹಳೆಯ ಗೈಡು ಪುಸ್ತಕಕ್ಕೂ ಅದಕ್ಕೂ ವೇಗವೊಂದರ ಹೊರತು ವ್ಯತ್ಯಾಸವಿಲ್ಲ.

ಕೂಡಿ ಓದುವುದರಿಂದ ಯಾರಿಗೆ ಹೆಚ್ಚು ಪ್ರಯೋಜನ ಎಂಬ ಪ್ರಶ್ನೆಗೆ ದೂರದ ಒಂದು ಉದಾಹರಣೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ. ನಮ್ಮ ಕುಟುಂಬಗಳಿಗೆ ಅದು ಬಹಳ ಹತ್ತಿರದ್ದೆಂದು ನಮ್ಮ ಭಾವನೆ. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ 1970ರ ದಶಕದಲ್ಲಿ ಕಪ್ಪುಜನಾಂಗದ ವಿದ್ಯಾರ್ಥಿಗಳು ಕಲನಶಾಸ್ತ್ರದಲ್ಲಿ ಬಹಳ ಸಂಖ್ಯೆಯಲ್ಲಿ ಅನುತ್ತೀರ್ಣರಾಗುತ್ತಿದ್ದರು. ಅವರಿಗೆ ಆಸಕ್ತಿ ಕಡಿಮೆ, ಹಿಂದಿನ ತಯಾರಿ ಸಾಲದು, ಮನೆಯವರ ಪ್ರೋತ್ಸಾಹವಿಲ್ಲ, ಬಡತನ ಎಂದು ಅಧ್ಯಾಪಕರು ಕಾರಣಗಳನ್ನು ಹೇಳುತ್ತಿದ್ದರು. ಅಲ್ಲೇ ಸಂಶೋಧನೆ ಮಾಡುತ್ತಿದ್ದ ಊರಿ ಟ್ರೈಸ್‌ಮನ್ ಎಂಬವರು ಊಹೆಗಳನ್ನು ಬದಿಗಿಟ್ಟು, ಇಪ್ಪತ್ತು ಮಂದಿ ಕಪ್ಪು ವಿದ್ಯಾರ್ಥಿಗಳನ್ನೂ ಚೆನ್ನಾಗಿ ತೇರ್ಗಡೆಯಾಗುತ್ತಿದ್ದ ಇಪ್ಪತ್ತು ಮಂದಿ ಚೀನೀ ಮೂಲದ ವಿದ್ಯಾರ್ಥಿಗಳನ್ನೂ ಹದಿನೆಂಟು ತಿಂಗಳು ಹತ್ತಿರದಿಂದ ಗಮನಿಸಿದರು.

ಕಂಡುಬಂದದ್ದು ಬೇರೆಯೇ. ಕಪ್ಪು ವಿದ್ಯಾರ್ಥಿಗಳು ಶ್ರದ್ಧಾವಂತರಾಗಿದ್ದರು. ಅವರ ತಂದೆತಾಯಂದಿರು ಮಕ್ಕಳ ಓದಿಗಾಗಿ ಏನನ್ನೂ ತ್ಯಾಗ ಮಾಡಲು ಸಿದ್ಧರಿದ್ದವರು. ಅಧ್ಯಾಪಕರು ಹೇಳಿದ ಲೆಕ್ಕದಂತೆ ವಾರಕ್ಕೆ ಎಂಟು ಗಂಟೆ ಆ ವಿಷಯಕ್ಕೆ ಮೀಸಲಿಡುತ್ತಿದ್ದರು. ಆದರೆ ಇಪ್ಪತ್ತರಲ್ಲಿ ಹದಿನೆಂಟು ಮಂದಿ ಯಾವಾಗಲೂ ಒಬ್ಬೊಬ್ಬರೇ ಓದುತ್ತಿದ್ದರು. ಓದು ಬೇರೆ, ಗೆಳೆತನ ಬೇರೆ ಎಂಬುದು ಅವರ ರೂಢಿಯಾಗಿತ್ತು. ಚೀನೀ ವಿದ್ಯಾರ್ಥಿಗಳು ಎಂಟು ಹತ್ತು ಗಂಟೆ ಒಬ್ಬರೇ ಓದಿದ ಮೇಲೆ ಸಂಜೆ ಒಟ್ಟಿಗೆ ಸೇರುತ್ತಿದ್ದರು. ಜೊತೆಯಾಗಿ ಊಟ ಮಾಡಿ, ಒಬ್ಬರ ಲೆಕ್ಕವನ್ನು ಒಬ್ಬರು ತಿದ್ದಿ, ಹಳೆಯ ಪ್ರಶ್ನೆಪತ್ರಿಕೆಗಳನ್ನು ತಂದು ಪರಸ್ಪರ ಪ್ರಶ್ನಿಸುತ್ತಿದ್ದರು. ತಮ್ಮ ಮಟ್ಟ ತರಗತಿಯಲ್ಲಿ ಎಲ್ಲಿದೆಯೆಂಬುದು ಅವರಿಗೆ ಪರೀಕ್ಷೆಗೆ ಮೊದಲೇ ತಿಳಿದಿರುತ್ತಿತ್ತು. ಒಂಟಿಯಾಗಿ ಓದಿದವನಿಗೆ ಅದು ತಿಳಿಯುತ್ತಿದ್ದದ್ದು ಅಂಕ ಬಂದಾಗ. ಆಗ ಅವನು ದೂಷಿಸುತ್ತಿದ್ದದ್ದು ತನ್ನನ್ನೇ. ಟ್ರೈಸ್‌ಮನ್ ಅವರಿಗೆ ಕೊಟ್ಟದ್ದು ಸುಲಭದ ಪರಿಹಾರ ಪಾಠಗಳನ್ನಲ್ಲ. ಕಠಿಣವಾದ ಲೆಕ್ಕಗಳನ್ನು ಕೊಟ್ಟು, ಗುಂಪಾಗಿ ಕುಳಿತು ಬಿಡಿಸಲು ಹೇಳಿದರು. ಆ ಕೂಟಗಳಿಗೆ ಬಂದವರ ಫಲಿತಾಂಶ ಗಣನೀಯವಾಗಿ ಉತ್ತಮಗೊಂಡಿತು. ಈ ಕ್ರಮ ಬಳಿಕ ಅಮೆರಿಕದ ಇತರ ಅನೇಕ ಕಾಲೇಜುಗಳಿಗೂ ಹರಡಿತು.

ಮನೆಯಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತುತ್ತಿರುವ ಮಕ್ಕಳು ನಮ್ಮ ಧರ್ಮಕೇಂದ್ರಗಳಲ್ಲಿ ಇಂದಿಗೂ ಎಷ್ಟೋ ಮಂದಿ ಇದ್ದಾರೆ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳ ಲೈನ್ ಮನೆಗಳಲ್ಲಿ, ಬೆಂಗಳೂರಿನ ಸುತ್ತಲಿನ ಹಳ್ಳಿಗಳಲ್ಲಿ, ಕರಾವಳಿಯ ಸಣ್ಣ ಹಿಡುವಳಿಗಳಲ್ಲಿ ತಂದೆತಾಯಂದಿರು ಸಾಲ ಮಾಡಿಯಾದರೂ ಓದಿಸುತ್ತಾರೆ. ಆದರೆ ಭೌತಶಾಸ್ತ್ರದ ಒಂದು ಸಂಶಯ ಬಂದರೆ ಕೇಳಲು ಆ ಮನೆಯಲ್ಲಿ ಯಾರೂ ಇಲ್ಲ. ಓದಿದವರ ಮನೆಯ ಮಗು ಬಾಗಿಲು ಮುಚ್ಚಿಕೊಂಡರೂ ಬಾಗಿಲಿನಾಚೆ ಎಂಜಿನಿಯರ್ ಚಿಕ್ಕಪ್ಪನೋ ಉಪಾಧ್ಯಾಯಿನಿ ಅತ್ತೆಯೋ ಇರುತ್ತಾರೆ. ಲೈನ್ ಮನೆಯ ಹುಡುಗಿಗೆ ಇರುವುದು ಪಕ್ಕದ ಲೈನಿನ ಇನ್ನೊಬ್ಬ ಹುಡುಗಿ ಮಾತ್ರ. ಅವಳ ಜೊತೆಯನ್ನೂ ನಾವು ಕಾಲಹರಣವೆಂದು ತಪ್ಪಿಸಿದರೆ ಉಳಿಯುವುದೇನು?

ತಂದೆತಾಯಂದಿರ ಮನಸ್ಸಿನಲ್ಲಿರುವ ಆಕ್ಷೇಪಗಳನ್ನು ನಾವು ಅರಿಯದವರಲ್ಲ. ನಾಲ್ವರು ಸೇರಿದರೆ ಓದಿಗಿಂತ ಹರಟೆಯೇ ಹೆಚ್ಚೆಂಬ ಮಾತು ಸುಳ್ಳಲ್ಲ. ಕೈಯಲ್ಲಿ ಮೊಬೈಲ್ ಇದ್ದರಂತೂ ಹೇಳುವುದೇ ಬೇಡ. ಆದ್ದರಿಂದ ಮೊಬೈಲ್ ಒಂದು ಮೂಲೆಯಲ್ಲಿರಲಿ; ಗುಂಪು ಮೂವರನ್ನು, ಹೆಚ್ಚೆಂದರೆ ನಾಲ್ವರನ್ನು ಮೀರದಿರಲಿ. ಆರು ಮಂದಿ ಸೇರಿದಲ್ಲಿ ಇಬ್ಬರು ಯಾವಾಗಲೂ ಪ್ರೇಕ್ಷಕರೇ.

ಇನ್ನೊಂದು ಆಕ್ಷೇಪವನ್ನು ಬಾಯಿಬಿಟ್ಟು ಹೇಳುವವರು ಕಡಿಮೆ, ಪಾಲಿಸುವವರು ಹೆಚ್ಚು. "ನಿನ್ನ ನೋಟ್ಸನ್ನು ಅವಳಿಗೆ ಕೊಡಬೇಡ" ಎಂದು ಮಕ್ಕಳ ಕಿವಿಯಲ್ಲಿ ಹೇಳುವ ತಾಯಂದಿರು ನಮ್ಮಲ್ಲಿ ಇದ್ದಾರೆ. ಆ ತಾಯಂದಿರು ಕ್ರೂರಿಗಳಲ್ಲ, ಭಯಗೊಂಡವರು. ಆದರೆ ಆ ಭಯಕ್ಕೆ ಲೆಕ್ಕದ ಆಧಾರವಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಪಕ್ಕದ ಮನೆಯ ಹುಡುಗಿಗೆ ತೊಂಬತ್ತು ಬಂದರೆ ನಮ್ಮ ಮಗಳ ಎಂಬತ್ತೈದು ಎಂಬತ್ತಕ್ಕೆ ಇಳಿಯುವುದಿಲ್ಲ. ಸಿಇಟಿಯಂಥ ಪರೀಕ್ಷೆಗಳಲ್ಲಿ ಸ್ಪರ್ಧೆ ನಿಜವಾದದ್ದೇ. ಅಲ್ಲಿ ಲಕ್ಷಗಟ್ಟಲೆ ಮಂದಿ ಕುಳಿತಿರುವಾಗ, ಅದೇ ವಾರ್ಡಿನ ಒಬ್ಬ ಗೆಳತಿ ಹಿಂದೆ ಬಿದ್ದುದರಿಂದ ದೊರೆಯುವ ಲಾಭ ಒಂದು ಸ್ಥಾನ. ಅವಳೊಡನೆ ಓದಿದ್ದರಿಂದ ದೊರೆಯಬಹುದಾಗಿದ್ದ ಲಾಭ ಎಷ್ಟೋ ಸ್ಥಾನಗಳು. ಧರ್ಮೋಪದೇಶದ ತರಗತಿಯಲ್ಲಿ ಹಂಚಿ ತಿನ್ನಲು ಕಲಿಸಿ, ಮನೆಯಲ್ಲಿ ನೋಟ್ಸ್ ಪುಸ್ತಕವನ್ನು ಬಚ್ಚಿಡಲು ಕಲಿಸಿದರೆ ಮಗು ಯಾವುದನ್ನು ನಂಬಬೇಕು?

ಕೂಡಿ ಓದುವುದೆಂದರೆ ಪುಸ್ತಕವನ್ನು ಜೊತೆಯಾಗಿ ಓದುವುದಲ್ಲ. ಮೊದಲ ಓದು ಒಬ್ಬರೇ ಮಾಡಬೇಕಾದ ಕೆಲಸ. ಅಲ್ಲಿ ಮೌನ ಬೇಕು, ಬಾಗಿಲು ಮುಚ್ಚಿದರೂ ಸರಿಯೇ. ಸಂಕೋಚ ಸ್ವಭಾವದ ಕೆಲವು ಮಕ್ಕಳಿಗೆ ಈ ಏಕಾಂತ ಇತರರಿಗಿಂತ ಹೆಚ್ಚು ಬೇಕಾಗುತ್ತದೆ, ಅವರನ್ನು ಒತ್ತಾಯಿಸಬಾರದು. ಓದಿ ಮುಗಿದ ಮೇಲೆ ಪುಸ್ತಕಗಳೆಲ್ಲ ಮುಚ್ಚಿರಲಿ, ಒಬ್ಬ ಎದ್ದು ಪಾಠವನ್ನು ಹೇಳಲಿ, ಉಳಿದವರು "ಏಕೆ?", "ಹೇಗೆ?" ಎಂದು ತಡೆದು ಕೇಳಲಿ. ಲೆಕ್ಕವಾದರೆ ಹಲಗೆಯ ಮುಂದೆ ಮೊದಲು ನಿಲ್ಲಬೇಕಾದವನು ಜಾಣನಲ್ಲ, ಅದು ಅರ್ಧ ಬರುವವನು. ಅವನು ಎಲ್ಲಿ ನಿಲ್ಲುತ್ತಾನೋ ಅಲ್ಲೇ ಕಲಿಕೆ ಆರಂಭವಾಗುತ್ತದೆ. ಹೇಳುವ ಸರದಿ ಎಲ್ಲರಿಗೂ ಬರಬೇಕು. ಮರುದಿನ ಸೇರಿದಾಗ ಮೊದಲ ಹತ್ತು ನಿಮಿಷ ನಿನ್ನೆಯದು, ಶನಿವಾರ ವಾರದ್ದೆಲ್ಲ. 2013ರಲ್ಲಿ ಜಾನ್ ಡನ್ಲಾಸ್ಕಿ ಮತ್ತು ಅವರ ಸಂಗಡಿಗರು ಓದಿನ ಹತ್ತು ವಿಧಾನಗಳನ್ನು ಕುರಿತ ಸಂಶೋಧನೆಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ ಅತ್ಯಂತ ಫಲಕಾರಿಯೆಂದು ಕಂಡದ್ದು ಎರಡೇ: ತನ್ನನ್ನು ಪರೀಕ್ಷಿಸಿಕೊಳ್ಳುವುದು ಮತ್ತು ಓದನ್ನು ದಿನಗಳಿಗೆ ಹಂಚುವುದು. ಗೆರೆ ಎಳೆಯುವುದೂ ಮರು ಓದೂ ಕೊನೆಯ ಸಾಲಿನಲ್ಲಿದ್ದವು. ಈ ಎರಡು ಫಲಕಾರಿ ವಿಧಾನಗಳನ್ನು ಒಬ್ಬನೇ ಪಾಲಿಸುವುದು ಕಷ್ಟ. ಗೆಳೆಯರು ಕಾಯುತ್ತಿದ್ದರೆ ತಾನಾಗಿ ನಡೆಯುತ್ತದೆ.

ಓದು ಬಾರದ ತಾಯಿಗೂ ಇದರಲ್ಲಿ ಪಾಲಿದೆ. "ಇವತ್ತು ಶಾಲೆಯಲ್ಲಿ ಏನು ಹೇಳಿಕೊಟ್ಟರು, ನನಗೂ ಸ್ವಲ್ಪ ಹೇಳು ಮಗಾ" ಎಂದು ಕೇಳಿ, ಅಡಿಗೆಯ ಒಲೆಯ ಬಳಿಯೇ ಕೇಳಿಸಿಕೊಂಡರೆ ಸಾಕು. ತಾಯಿಗೆ ಅರ್ಥವಾಗುವಂತೆ ಹೇಳಲು ಹೊರಟ ಮಗುವಿಗೆ ತನಗೆ ಅರ್ಥವಾಗದ್ದು ಎಲ್ಲಿದೆಯೆಂದು ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ. ನಮ್ಮ ಧರ್ಮಭಗಿನಿಯರು ನಡೆಸುವ ವಿದ್ಯಾರ್ಥಿನಿಲಯಗಳಲ್ಲಿ ಸಂಜೆಯ ಓದಿನ ಅವಧಿ ಕಟ್ಟುನಿಟ್ಟಿನ ಮೌನದಲ್ಲಿ ನಡೆಯುತ್ತದೆ. ಆ ಶಿಸ್ತಿಗೆ ನಮ್ಮ ಗೌರವವಿದೆ. ಅದರ ಕೊನೆಯ ಅರ್ಧ ಗಂಟೆಯನ್ನು ಮಾತಿಗೆ, ಪರಸ್ಪರ ಪ್ರಶ್ನೆಗೆ ಬಿಟ್ಟುಕೊಟ್ಟರೆ ಹೇಗೆ ಎಂದು ಅವರಲ್ಲಿ ವಿನಂತಿಸುತ್ತೇವೆ.

ಸ್ಥಳದ ಪ್ರಶ್ನೆಗೆ ಬರೋಣ. ಕೋವಿಡ್ ಪಿಡುಗಿನಿಂದ ಶಾಲೆಗಳು ಮುಚ್ಚಿದ್ದಾಗ, 2020ರ ಆಗಸ್ಟ್ ತಿಂಗಳಿನಲ್ಲಿ ನಮ್ಮ ರಾಜ್ಯ ಸರ್ಕಾರ ವಿದ್ಯಾಗಮ ಯೋಜನೆಯನ್ನು ಆರಂಭಿಸಿತ್ತು. ಉಪಾಧ್ಯಾಯರು ಮಕ್ಕಳಿರುವಲ್ಲಿಗೇ ಹೋಗಿ ಮರದ ನೆರಳಿನಲ್ಲಿ, ಜಗುಲಿಗಳಲ್ಲಿ, ಸಮುದಾಯ ಭವನಗಳಲ್ಲಿ ಸಣ್ಣ ಸಣ್ಣ ಗುಂಪುಗಳನ್ನು ಕೂರಿಸಿ ಪಾಠ ಮಾಡಿದರು. ವಠಾರ ಶಾಲೆಯೆಂದೇ ಜನ ಅದನ್ನು ಕರೆದರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಬೇಕಾಗಿ ಬಂದದ್ದು ಬೇರೆ ಮಾತು. ಓದಲು ಕಟ್ಟಡಕ್ಕಿಂತ ಮೊದಲು ಜೊತೆ ಬೇಕೆಂಬುದನ್ನು ಆ ಕೆಲವು ವಾರಗಳು ಊರೂರಿಗೂ ತೋರಿಸಿಕೊಟ್ಟವು.

ನಮಗೋ ಕಟ್ಟಡಗಳೂ ಇವೆ. ದೇವಾಲಯದ ಪಕ್ಕದಲ್ಲಿ ಲಕ್ಷಾಂತರ ರೂಪಾಯಿ ಖರ್ಚು ಮಾಡಿ ಕಟ್ಟಿದ ಸಭಾಂಗಣ ಮದುವೆಗೊಮ್ಮೆ, ವಾರ್ಷಿಕ ಸಭೆಗೊಮ್ಮೆ ತೆರೆದು, ಉಳಿದ ದಿನ ಬೀಗ ಹಾಕಿಕೊಂಡಿರುತ್ತದೆ. ಧರ್ಮೋಪದೇಶದ ಕೊಠಡಿಗಳಲ್ಲಿ ಬೆಂಚುಗಳಿವೆ, ಕರಿಹಲಗೆಯಿದೆ, ಸೀಮೆಸುಣ್ಣವೂ ಇದೆ. ವಾರಕ್ಕೆ ಒಂದು ಗಂಟೆ ಅವುಗಳ ಬಳಕೆ. ಟಿವಿಯ ಸದ್ದಿನ ನಡುವೆ ಒಂದೇ ಕೋಣೆಯಲ್ಲಿ ಓದುವ ಮಕ್ಕಳು ಆ ಬೀಗದ ಮುಂದೆಯೇ ಹಾದುಹೋಗುತ್ತಾರೆ. ಧರ್ಮಕೇಂದ್ರದ ಪಾಲನಾ ಸಮಿತಿಗಳು ಜೂನ್ ತಿಂಗಳಿನಿಂದ ಮಾರ್ಚ್ ತನಕ ಸಂಜೆ ಐದೂವರೆಯಿಂದ ಏಳರವರೆಗೆ ಆ ಕೊಠಡಿಗಳನ್ನು ತೆರೆದಿಡಲು ತೀರ್ಮಾನಿಸಬಹುದು. ಅಲ್ಲಿ ಪಾಠ ಹೇಳುವವರು ಬೇಕಾಗಿಲ್ಲ, ಟ್ಯೂಷನ್ ಶುಲ್ಕವೂ ಬೇಕಾಗಿಲ್ಲ. ನಿವೃತ್ತ ಶಿಕ್ಷಕರೊಬ್ಬರು ಹಿಂದಿನ ಬೆಂಚಿನಲ್ಲಿ ಪತ್ರಿಕೆ ಓದುತ್ತ ಕುಳಿತಿದ್ದು, ನಾಲ್ವರಿಗೂ ತಿಳಿಯದ್ದನ್ನು ಮಾತ್ರ ಕೇಳಿದಾಗ ಹೇಳಿದರೆ ಸಾಕು. ಇತರ ಮತಗಳ ನೆರೆಹೊರೆಯ ಮಕ್ಕಳೂ ಬರಲಿ; ಅವರು ನಮ್ಮ ಮಕ್ಕಳ ಸಹಪಾಠಿಗಳೇ ತಾನೆ. ಬಡ ಮಕ್ಕಳ ಶುಲ್ಕಕ್ಕೆ ನೆರವಾಗುತ್ತಿರುವ ಸಂತ ವಿನ್ಸೆಂಟ್ ಡಿ ಪಾಲ್ ಸಭೆಯವರು ಹಳೆಯ ಪ್ರಶ್ನೆಪತ್ರಿಕೆಗಳ ಒಂದು ಕಟ್ಟನ್ನು ಅಲ್ಲಿ ಇರಿಸಬ��ುದು.

ವಿದ್ಯುತ್ ಬಿಲ್ಲಿನ ಮಾತು ಸಭೆಯಲ್ಲಿ ಖಂಡಿತ ಬರುತ್ತದೆ. ಎರಡು ಟ್ಯೂಬ್‌ಲೈಟ್‌ಗಳ ಖರ್ಚನ್ನು ವಾರ್ಡುಗಳು ತಿಂಗಳಿಗೊಂದರಂತೆ ವಹಿಸಿಕೊಳ್ಳಲಿ. ಬೀಗದ ಕೈ ಗುರುಗಳ ನಿವಾಸದಲ್ಲಿದ್ದರೆ ಅವರು ಊರಲ್ಲಿಲ್ಲದ ದಿನ ಮಕ್ಕಳು ಹಿಂದಿರುಗಬೇಕಾಗುತ್ತದೆ. ಹತ್ತಿರದ ಮನೆಯೊಂದರಲ್ಲಿ ಇನ್ನೊಂದು ಇರಲಿ. ಮಳೆಗಾಲದ ಕತ್ತಲಲ್ಲಿ ಹೆಣ್ಣುಮಕ್ಕಳು ಮನೆಗೆ ಮರಳುವ ವಿಷಯ ಮಾತ್ರ ಮೊದಲ ದಿನವೇ ನಿಗದಿಯಾಗಬೇಕು. ಪ್ರತಿ ವಾರ್ಡಿನ ಇಬ್ಬರು ಹಿರಿಯರು ಸರದಿಯಂತೆ ಏಳು ಗಂಟೆಗೆ ಬಂದು ಅವರೊಡನೆ ನಡೆದು ಹೋದರೆ, ಏಳೂವರೆಯ ಜಪಸರದ ಹೊತ್ತಿಗೆ ಎಲ್ಲರೂ ಅವರವರ ಮನೆಯಲ್ಲಿರುತ್ತಾರೆ.